ಹೊರೆ ಇಳಿಸುವ ಕಲ್ಲು

ಒಂದು ಕಡೆ ಸುಮ್ಮನೆ ಕೂರು ಎಂದರೆ ಅದು ನನ್ನಿಂದ ಆಗುವ ಕೆಲಸವಲ್ಲ. "ಈ ಹೆಣ್ಣ್ ಕೂಕಂಬಲ್ಲ್ ಇರುವೆ ಗೂಡ್ ಇರ್ತ್" ಎಂದು ನನ್ನ ಅಬ್ಬಿ, ಅಂದರೆ ತಾಯಿ, ಬೈಯುತ್ತಿದ್ದಳು. ನಾನು ಹೊಲಿಗೆ ಕಲಿತದ್ದೂ ಅದಕ್ಕೇ ಇರಬೇಕು. ಕೂತರೂ ಕಾಲಿಗೆ ಪೆಡಲ್ ತುಳಿಯುವ ಕೆಲಸ ಇರುತ್ತದಲ್ಲ. ಐವತ್ತೆರಡು ವರ್ಷದಲ್ಲಿ ನಾನು ನಿಜವಾಗಿ ಕೂರಬೇಕೆಂದು ಆಸೆಪಟ್ಟದ್ದು ಒಂದೇ ಒಂದು ಜಾಗದಲ್ಲಿ. ಆ ಜಾಗದಲ್ಲಿ ಯಾರೂ ಕೂರದ ಹಾಗೆ ಮಾಡಿದವಳೂ ನಾನೇ. ಈ ವರ್ಷ ಅದರ ಫಲ ಉಂಡೆ.

ಬಸ್ರೂರಿನಿಂದ ಹೊಳೆ ದಂಡೆ ಹಿಡಿದು ಸ್ವಲ್ಪ ಆಚೆ ಬಂದರೆ ನಮ್ಮೂರಿನ ಬಂಡಸಾಲೆ ಸಿಗುತ್ತದೆ. ದೋಣಿಯಲ್ಲಿ ಬಂದ ಅಕ್ಕಿ, ಉಪ್ಪು, ತೆಂಗಿನಕಾಯಿ ತುಂಬಿಡಲು ಯಾವ ಕಾಲದಲ್ಲೋ ಒಬ್ಬ ಸಾಹುಕಾರರು ಕಟ್ಟಿಸಿದ ಉಗ್ರಾಣ ಅದು. ಮುರಕಲ್ಲಿನ ಗೋಡೆ ಎಷ್ಟು ದಪ್ಪ ಎಂದರೆ ಕಿಟಕಿಯ ಒಳಗೆ ಒಂದು ಮಗು ಮಲಗಬಹುದು. ಉಪ್ಪು ಕುಡಿದು ಕುಡಿದು ಗೋಡೆಯ ಕೆಳಭಾಗ ಈಗಲೂ ಮಳೆಗಾಲದಲ್ಲಿ ಬೆವರುತ್ತದೆ. ಹೊಳೆಯ ಕಡೆಯ ಕಿಟಕಿಯ ಕೆಳಗೆ, ಒಳಗಡೆ, ಒಂದು ಕರಿಕಲ್ಲು ಇದೆ. ಮೊಣಕಾಲೆತ್ತರ, ಇಬ್ಬರು ಒತ್ತಿ ಕೂರುವಷ್ಟು ಅಗಲ, ನಡುವೆ ಸ್ವಲ್ಪ ತಗ್ಗು.

ಅದು ಹೊರೆ ಇಳಿಸುವ ಕಲ್ಲು. ದೋಣಿಯಿಂದ ತಲೆಯ ಮೇಲೆ ಮೂಟೆ ಹೊತ್ತು ತಂದವರು, ಒಳಗೆ ಜಾಗ ಮಾಡಿಕೊಡುವ ತನಕ, ಅದರ ಮೇಲೆ ಮೂಟೆ ಇಟ್ಟು ಕುತ್ತಿಗೆ ತಿರುಗಿಸಿಕೊಳ್ಳುತ್ತಿದ್ದರು. ನನ್ನ ಅಜ್ಜಯ್ಯ ಹಾಗೆ ಮೂಟೆ ಹೊತ್ತವರು. "ಆ ಕಲ್ಲ್ ಇಲ್ದಿದ್ರೆ ನನ್ ಕುತ್ಗಿ ಯಾವತ್ತೋ ಮುರೀತಿತ್ ಹೆಣೆ" ಎಂದು ನನಗೆ ಹೇಳಿದ್ದರು. ಮೂಟೆ ಇಲ್ಲದ ಹೊತ್ತಿನಲ್ಲಿ ಅದರ ಮೇಲೆ ತಾವೇ ಕೂತು ಎಲೆ ಅಡಿಕೆ ಹಾಕುತ್ತಿದ್ದರಂತೆ. ನಡುವಿನ ತಗ್ಗು ಮೂಟೆ ಉಜ್ಜಿ ಆದದ್ದು, ಅಜ್ಜಯ್ಯನಂಥವರು ಕೂತು ಆದದ್ದು.

ಹೊಳೆಯಲ್ಲಿ ಹೂಳು ತುಂಬಿತು, ರಸ್ತೆಯಲ್ಲಿ ಲಾರಿ ಬಂತು, ದೋಣಿ ನಿಂತಿತು. ಸಾಹುಕಾರರ ಕಡೆಯವರು ಬಂಡಸಾಲೆಯನ್ನು ಊರಿಗೆ ಬಿಟ್ಟುಕೊಟ್ಟು ಎಲ್ಲೆಲ್ಲಿಗೋ ಹೋದರು. ನಾನು ಮೂರನೇ ಕ್ಲಾಸಿಗೆ ಬರುವ ವರ್ಷ ಶಾಲೆಯ ಮಾಡು ಮಳೆಗೆ ಕುಸಿಯಿತು. ನಮ್ಮ ಕ್ಲಾಸನ್ನು ತಂದು ಬಂಡಸಾಲೆಯಲ್ಲಿ ಕೂರಿಸಿದರು. ಬೆಂಚು ಇಲ್ಲ. ಗೋಣಿಚೀಲ ಹಾಸಿ ನೆಲದಲ್ಲಿ ಕೂರಬೇಕು, ನೆಲವೋ ಉಪ್ಪಿನ ತಂಪು, ಎದ್ದಾಗ ಲಂಗದ ಹಿಂದೆ ಒದ್ದೆ. ಕೂರಲು ಎಂದು ಇದ್ದದ್ದು ಆ ಕಲ್ಲು ಒಂದೇ. ಕಿಟಕಿಯಿಂದ ಗಾಳಿ, ಕಣ್ಣೆತ್ತಿದರೆ ಹೊಳೆ.

ಅದರ ಮೇಲೆ ದಿನಾ ಕೂರುತ್ತಿದ್ದವನು ಒಬ್ಬ ಮಾಣಿ. ಮೂರನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ನಮಗಿಂತ ಒಂದು ತಲೆ ಎತ್ತರ. ಒಂದು ದಿನ ನಾನು ಬೇಗ ಹೋಗಿ ಕೂತೆ. ಅವನು ಬಂದು ನನ್ನ ಸ್ಲೇಟು ಎತ್ತಿ ನೆಲಕ್ಕೆ ಇಟ್ಟು, "ಆಚಿಗ್ ಹೋಗ್, ಇದ್ ನನ್ ಜಾಗ" ಎಂದ. ಮೇಷ್ಟರಿಗೆ ಹೇಳಿದೆ. ಮೇಷ್ಟರು ಒಂದು ಕಲ್ಲಿಗಾಗಿ ಎಂಥ ಜಗಳ ಎಂದರು. ನನಗೆ ಕೋಪ ಬಂದರೆ ಊಟ ಸೇರುವುದಿಲ್ಲ, ಆಗಲೂ ಹಾಗೆ, ಈಗಲೂ ಹಾಗೆ. ಎರಡು ದಿನ ಗಂಜಿ ಬಿಟ್ಟು ಯೋಚನೆ ಮಾಡಿದೆ.

ಶಿವರಾತ್ರಿಯ ಆಚೀಚೆಯ ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಜಡೆಯಲ್ಲಿದ್ದ ಅಬ್ಬಲಿಗೆ ಹೂ ತೆಗೆದು ಕಲ್ಲಿನ ತಗ್ಗಿನಲ್ಲಿ ಇಟ್ಟೆ. ಮನೆಯಿಂದ ಕಾಗದದಲ್ಲಿ ಕಟ್ಟಿಕೊಂಡು ಹೋದ ಕುಂಕುಮವನ್ನು ಮುಂದಿನ ಮುಖಕ್ಕೆ ಹಚ್ಚಿದೆ. ಮಾಣಿ ಬಂದ.

"ಇದ್ರ್ ಮೇಲ್ ಕೂಕಂಡ್ರೆ ಹೊಟ್ಟಿನೋವ್ ಬತ್ತ್. ನಂಗ್ ಕನ್ಸಲ್ ಬಂದ್ ಹೇಳಿತ್" ಎಂದೆ.

ಅವನು ನಕ್ಕು ಹೂವನ್ನು ಬದಿಗೆ ಸರಿಸಿ ಕೂತ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದ. ಆ ದಿನ ಆಟದ ಬಿಡುವಿನಲ್ಲಿ ನಾವೆಲ್ಲ ಉಪ್ಪು ಮೆಣಸು ಹಚ್ಚಿ ಮಾವಿನಕಾಯಿ ತಿಂದಿದ್ದೆವು. ಅವನು ಎಲ್ಲರ ಕೈಯಿಂದ ಕಸಿದು ತಿಂದಿದ್ದ. ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಮರುದಿನ ಮೇಷ್ಟರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಾಣಿಯ ಅಬ್ಬಿ ಒಂದು ತೆಂಗಿನಕಾಯಿ ತಂದು ಕಲ್ಲಿನ ಮುಂದೆ ಇಟ್ಟು ತಪ್ಪಾಯಿತು ಎಂದಳು.

ಮಾಣಿ ಕಲ್ಲು ಬಿಟ್ಟ. ಆದರೆ ನಾನು ಕೂರುವುದು ಹೇಗೆ? ಆ ಲೆಕ್ಕವನ್ನು ನನ್ನ ಎಂಟು ವರ್ಷದ ತಲೆ ಹಾಕಿರಲಿಲ್ಲ. ವರ್ಷ ಮುಗಿಯುವ ತನಕ ನೆಲದಲ್ಲೇ ಕೂತು ಲಂಗ ಒದ್ದೆ ಮಾಡಿಕೊಂಡೆ. ಅಜ್ಜಯ್ಯನಿಗೆ ಮಾತ್ರ ನಿಜ ಹೇಳಿದೆ. ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಒಮ್ಮೆ ನನಗೆ ಕೊಡೆ ಕೊಡಲು ಬಂದವರು, ನೋಡುತ್ತೇನೆ, ಅವರೂ ಚಪ್ಪಲಿ ಬಿಟ್ಟೇ ಒಳಗೆ ಬಂದರು.

ಶಾಲೆಗೆ ಹೊಸ ಕಟ್ಟಡ ಆದ ಮೇಲೆ ಬಂಡಸಾಲೆ ಬೀಡಿ ಬ್ರಾಂಚು ಆಯಿತು. ಊರ ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿ ತಂದು ಕೊಡುವ ಜಾಗ. ಅಬ್ಬಿಯ ಹಿಂದೆ ನಾನೂ ಹೋಗುತ್ತಿದ್ದೆ. ಬ್ರಾಂಚಿನವರು ಕಟ್ಟು ಬಿಚ್ಚಿ, ಸಡಿಲ ಇದ್ದ ಬೀಡಿಗಳನ್ನು ಎತ್ತಿ ಎಸೆಯುತ್ತಿದ್ದರು. ಇವತ್ತು ಎಸೆಯದ ಹಾಗೆ ಮಾಡು ಎಂದು ಹೆಂಗಸರೆಲ್ಲ ಕಲ್ಲಿಗೆ ಕೈ ಮುಗಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಅಬ್ಬಿಯೂ ಮುಗಿಯುತ್ತಿದ್ದಳು. ಅಬ್ಬಿ, ಅದು ನನ್ನ ಜಡೆಯ ಹೂ ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಬ್ರಾಂಚಿನವರು ಮಂಗಳವಾರ ದೀಪ ಇಡಲು ಶುರು ಮಾಡಿದರು. ಬೀಡಿ ಹೋಗಿ ಗೊಬ್ಬರದ ಗೋಡೌನು ಬಂತು. ಗೊಬ್ಬರದವರು ಕಲ್ಲಿನ ಸುತ್ತ ಹೆಂಚಿನ ಚೂರು ಜೋಡಿಸಿ ಕಟ್ಟೆ ಕಟ್ಟಿದರು, ಮೂಟೆ ತಾಗಬಾರದು ಎಂದು. ಮೂಟೆ ಇಡಲೆಂದೇ ಹುಟ್ಟಿದ ಕಲ್ಲಿಗೆ ಮೂಟೆ ತಾಗಬಾರದು! ಆಮೇಲೆ ಕೆಲವು ಮಳೆಗಾಲ ಯಕ್ಷಗಾನ ಮೇಳದ ಪೆಟ್ಟಿಗೆಗಳನ್ನು ಅಲ್ಲಿ ಇಡುತ್ತಿದ್ದರು. ಮೇಳದವರು ಒಂದು ಹಿತ್ತಾಳೆ ದೀಪ ಕೊಟ್ಟು ಹೋದರು. ಕಟ್ಟಡದ ಕೆಲಸ ಬದಲಾದ ಹಾಗೆಲ್ಲ ಕಲ್ಲಿಗೆ ಮಾತ್ರ ಬಡ್ತಿ ಸಿಗುತ್ತಲೇ ಹೋಯಿತು.

ಮದುವೆಯಾಗಿ ಬ್ರಹ್ಮಾವರದ ಕಡೆ ಹೋದವಳು, ಗಂಡ ತೀರಿದ ಮೇಲೆ ಒಂದು ಮೆಷಿನು ಹೊತ್ತುಕೊಂಡು ಊರಿಗೆ ಬಂದೆ. ಬಂಡಸಾಲೆ ಬಾಗಿಲು ಹಾಕಿಕೊಂಡಿತ್ತು, ಒಳಗೆ ಬಾವಲಿ. ಊರಿನ ಸಮಿತಿಯನ್ನು ಕೇಳಿದೆ, ಗುಡಿಸಿಕೊಂಡು ಇರು ಎಂದರು. ಹನ್ನೊಂದು ವರ್ಷ ಹೊಲಿಗೆ ಕ್ಲಾಸು ನಡೆಸಿದೆ. ಒಂದು ಮೆಷಿನು ಒಂಬತ್ತಾಯಿತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಸೊಸೆಯಂದಿರು ಹೊರಗೆ ಹೋಗುವುದೆಂದರೆ ದೇವಸ್ಥಾನ, ಆಸ್ಪತ್ರೆ, ಬಿಟ್ಟರೆ ನನ್ನ ಕ್ಲಾಸು. ರವಿಕೆಯ ಕಟಿಂಗ್ ಕಲಿತವರಿಗಿಂತ, ಎರಡು ಗಂಟೆ ಮಾತಾಡಲು ಸಿಕ್ಕಿತು ಎಂದು ಬಂದವರೇ ಹೆಚ್ಚು. ನನಗೇನು ಅದು ಗೊತ್ತಿಲ್ಲವೇ? ನಾಲಿಗೆ ನಡೆದರೂ ಕೈ ನಿಲ್ಲಬಾರದು ಎಂದು ಗದರುತ್ತಿದ್ದೆ, ಅಷ್ಟೆ.

ಅವರಲ್ಲಿ ಒಬ್ಬಳು ವಂಡ್ಸೆಯಿಂದ ಎರಡು ಬಸ್ಸು ಬದಲಿಸಿ ಬರುವವಳು. ಮೂವತ್ತರ ಆಚೀಚೆ, ಮಾತು ಕಮ್ಮಿ, ಕೈ ಚುರುಕು. ನಾಲ್ಕು ಗಂಟೆಯೊಳಗೆ ಮನೆ ಮುಟ್ಟದಿದ್ದರೆ ಅತ್ತೆ ಜಗಲಿಯಲ್ಲೇ ಕಾದು ಕೂತಿರುತ್ತಾಳಂತೆ. ಕಲ್ಲೆಂದರೆ ಅವಳಿಗೆ ಎಲ್ಲರಿಗಿಂತ ಜಾಸ್ತಿ ಭಯ. ದಿನಾ ಒಂದು ಹೂ ತಂದಿಟ್ಟು ಕೈ ಮುಗಿದೇ ಮೆಷಿನಿನ ಮುಂದೆ ಕೂರುವವಳು. ಹೊರಗಾದ ದಿನಗಳಲ್ಲಿ ತನ್ನ ಮೆಷಿನನ್ನು ತಾನೇ ಎಳೆದುಕೊಂಡು ಹೋಗಿ ಜಗಲಿಯಲ್ಲಿ ಕೂರುತ್ತಿದ್ದಳು, ಬಿಸಿಲಿರಲಿ, ಇರಚಲು ಹೊಡೆಯಲಿ. "ಒಳ್ಗ್ ಬಾ ಮಾರಾಯ್ತಿ, ಅದ್ ಬರೀ ಕಲ್ಲ್" ಎಂದು ಎಷ್ಟು ಸಲ ಹೇಳಿದೆನೋ. "ಬ್ಯಾಡ ಅಕ್ಕ" ಎಂದು ನಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಮಾಡಿನ ಪಕ್ಕಾಸು ಜರಿದು ಹೆಂಚು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ರಿಪೇರಿ ಮಾಡಿಸಿ ಎಂದು ಸಮಿತಿಗೆ ಹೇಳಿದೆ. ಅವರು ಬಡಗಿಯನ್ನು ಕರೆಯುವ ಮೊದಲು ಜೋಯಿಸರನ್ನು ಕರೆದು ಪ್ರಶ್ನೆ ಇಟ್ಟರು. ಕವಡೆಯಲ್ಲಿ ಬಂತಂತೆ: ಒಳಗೆ ಚಿಕ್ಕುವಿನ ಸಾನ್ನಿಧ್ಯ ಇದೆ, ಜಾಗ ಶುದ್ಧ ಇಲ್ಲ, ಅದಕ್ಕೇ ಮಾಡು ಜರಿದದ್ದು. ಬಂಡಸಾಲೆಯನ್ನು ಗುಡಿ ಮಾಡಬೇಕು, ಹೆಂಗಸರ ಕ್ಲಾಸು ತಿಂಗಳೊಳಗೆ ಎಬ್ಬಿಸಬೇಕು. ಚಿಕ್ಕು ಎಂದರೆ ನಮ್ಮ ಕಡೆ ಹೆಣ್ಣು ದೈವ. ಹೆಣ್ಣು ದೈವಕ್ಕೆ ಹೆಂಗಸರು ಆಗುವುದಿಲ್ಲವಂತೆ!

ಆ ಸುದ್ದಿ ತಂದವರು ಸಮಿತಿಯ ಅಧ್ಯಕ್ಷರು. ಹಿಂದೆ ನನ್ನ ಸ್ಲೇಟು ಎತ್ತಿ ನೆಲಕ್ಕೆ ಇಟ್ಟ ಮಾಣಿ ಅವರೇ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಕೂದಲು ಬೆಳ್ಳಗೆ ಮಾಡಿಕೊಂಡು ಊರು ಸೇರಿದವರು. ಕೆಟ್ಟ ಮನುಷ್ಯರಲ್ಲ. ನನ್ನ ಮೂರನೆಯ ಮೆಷಿನು ಅವರೇ ಕೊಡಿಸಿದ್ದು.

"ಟೀಚರ್ರೇ, ನೀವ್ ತಪ್ಪ್ ತಿಳ್ಕಂಬುಕಾಗ" ಎಂದರು. "ನಿಮ್ ಮೇಲ್ ಯಾರಿಗೂ ಎಂತದೂ ಇಲ್ಲೆ. ಆದ್ರೆ ಮೈಲ್ಗಿ ಆತ್ತ್ ಅಂಬ್ರ್."

ಆ ವಾರ ನಾನು ಅನುಭವಿಸಿದ್ದು ಯಾರಿಗೂ ಬೇಡ. ಸತ್ಯ ಹೇಳಿದರೆ ಊರೆಲ್ಲ ಸೇರಿ ನಗಬಹುದು, ಉಗಿಯಬಹುದು. ಹೇಳದಿದ್ದರೆ ಒಂಬತ್ತು ಮೆಷಿನು ಬೀದಿಗೆ. ಒಂದೇ ರವಿಕೆಯ ತೋಳನ್ನು ಮೂರು ಸಲ ತಿರುಗಾಮುರುಗಾ ಹೊಲಿದು ಬಿಚ್ಚಿದೆ. ಅಧ್ಯಕ್ಷರ ಮನೆಯ ಗೇಟಿನ ತನಕ ಹೋಗಿ, ನಾಯಿ ಬೊಗಳಿತು ಎಂದು ನೆಪ ಮಾಡಿ ವಾಪಸು ಬಂದೆ. ಮರುದಿನ ಮತ್ತೆ ಹೋದೆ, ನಾಯಿ ಮಲಗಿತ್ತು, ಆದರೂ ವಾಪಸು ಬಂದೆ. ಬೇಕೋ ಬೇಡವೋ, ಕುಂದಾಪುರಕ್ಕೆ ಹೋಗಿ ನೂಲು ತಂದೆ. ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಬಂದೆ. ಕೊನೆಗೆ ನನ್ನ ಮೇಲೆ ನನಗೇ ರೇಗಿತು. ಎಂಟು ವರ್ಷದಲ್ಲಿ ಇದ್ದ ಧೈರ್ಯ ಐವತ್ತೆರಡಕ್ಕೆ ಎಲ್ಲಿ ಸತ್ತಿತು ಎಂದುಕೊಂಡೆ.

ಭಾನುವಾರ ಸಂಜೆ ಬಂಡಸಾಲೆಯ ಜಗಲಿಯಲ್ಲೇ ಮೀಟಿಂಗು. ಗುಡಿಯ ಬಾಗಿಲು ಯಾವ ದಿಕ್ಕಿಗೆ ಎಂಬ ಮಾತು ನಡೆಯುತ್ತಿತ್ತು. ಕ್ಲಾಸಿನ ಹೆಂಗಸರು ಅಂಗಳದ ತುದಿಯಲ್ಲಿ ನಿಂತಿದ್ದರು. ನಾನು ಎದ್ದೆ.

"ಅಣ್ಣಯ್ಯ, ಅದ್ ಚಿಕ್ಕು ಅಲ್ಲ" ಎಂದೆ. "ಅದ್ ಹೊರೆ ಇಳ್ಸು ಕಲ್ಲ್. ನನ್ ಅಜ್ಜಯ್ಯ ಅದ್ರ್ ಮೇಲ್ ಕೂಕಂಡ್ ಎಲೆ ಹಾಕ್ತಿದ್ರ್. ಅದಕ್ ಮೊದಲ್ ಹೂ ಇಟ್ಟದ್ ನಾನ್. ನಿಮ್ನ್ ಎಬ್ಸಿ ನಾ ಕೂಕಣ್ಕ್ ಅಂದೇಳಿ ಇಟ್ಟದ್. ಕನ್ಸೂ ಸುಳ್ಳ್."

ಹೇಳಿದ್ದೇ ಎದೆ ಹಗುರ. ಆಯಿತು, ಇನ್ನು ನಗಲಿ, ಬೈಯಲಿ ಎಂದು ನಿಂತೆ. ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ಊರ್ ತುಂಬ ಕಲ್ಲ್ ಇತ್ತ್. ಇದೇ ಕಲ್ಲಿಗ್ ಹೂ ಇಡ್ ಅಂದೇಳಿ ನಿಂಗ್ ಹೇಳಿದ್ದ್ ಯಾರ್?" ಎಂದರು. ಟೀಚರ್ರೇ ಎಂಬುದು ಹೋಗಿ ನೀನು ಎಂದಾಗಿತ್ತು.

"ಯಾರೂ ಹೇಳ್ಲಿಲ್ಲೆ."

"ಯಾರೂ ಹೇಳ್ದೆ ಇಟ್ಟೆ. ಕಾಣಿ ಮತ್ತೆ" ಎಂದು ಅವರು ಉಳಿದವರ ಕಡೆ ತಿರುಗಿದರು. ಆಮೇಲೆ ನನಗೆ, "ಆ ದಿನ ನಂಗ್ ಹೊಟ್ಟಿನೋವ್ ಬಂದದ್ ಸುಳ್ಳಾ?"

"ಬಂದದ್ ಹೌದ್. ಮಾಯ್ನ್‌ಕಾಯಿ ತಿಂದ್ ಬಂದದ್."

"ಮಾಯ್ನ್‌ಕಾಯಿ ನೀನೂ ತಿಂದಿದೆ. ನಿಂಗ್ ಬಂತಾ?"

ನನಗೆ ಬಂದಿರಲಿಲ್ಲ. ನೀವು ಕಸಿದುಕೊಂಡ ಕಾರಣ ನನಗೆ ಸಿಕ್ಕಿದ್ದೇ ಎರಡು ಹೋಳು ಎಂದು ಹೇಳುವಷ್ಟರಲ್ಲಿ ಜಗಲಿಯ ತುಂಬ ಗುಜುಗುಜು ಎದ್ದಿತು. ಎಂಟು ವರ್ಷದ ಹೆಣ್ಣಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು, ಅದೇ ಅವಳ ಕೈಯಿಂದ ಮಾಡಿಸಿದ್ದು ಎಂದು ಒಬ್ಬರು ಹೇಳಿದರು. ಹೌದು ಹೌದು ಎಂದರು ಇನ್ನೊಬ್ಬರು. ಅಷ್ಟು ವರ್ಷ ಬಾಯಿ ಬಿಡದವಳು ಇವತ್ತೇ ಬಂದು ಹೇಳಬೇಕಾದರೆ, ಇವತ್ತು ಅದೇ ಹೇಳಿಸಿದ್ದು ಎಂದರು ಮತ್ತೊಬ್ಬರು. ನನ್ನ ಸತ್ಯವನ್ನು ನನ್ನ ಕಣ್ಣೆದುರೇ ತೆಗೆದುಕೊಂಡು ಹೋಗಿ ಕಲ್ಲಿನ ಮುಂದೆ ಇಟ್ಟರು. ಮೊದಲು ಗುರುತು ಹಿಡಿದವಳು ನಾನಂತೆ, ಆದ್ದರಿಂದ ಗುಡಿಯ ಮೊದಲ ದೀಪ ನನ್ನ ಕೈಯಲ್ಲೇ ಹಚ್ಚಿಸಬೇಕಂತೆ. ಕ್ಲಾಸು ಎಬ್ಬಿಸುವ ಮಾತಿನಲ್ಲಿ ಮಾತ್ರ ಬದಲಾವಣೆ ಇಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಅಧ್ಯಕ್ಷರು ನನ್ನ ಹತ್ತಿರ ಬಂದರು.

"ಮುಂಬೈಗ್ ಹೋಪತ್ತಿಗ್ ನಂಗ್ ಹದಿಮೂರ್ ವರ್ಷ" ಎಂದರು. "ಗ್ಲಾಸ್ ತೊಳುಕೆ ಹೋದದ್. ಹೋಪು ಮೊದಲ್ ಆ ಕಲ್ಲಿಗ್ ಕೈ ಮುಗ್ದ್, ನಿನ್ ಮೇಲ್ ಕೂಕಂಡದ್ ತಪ್ಪಾಯ್ತ್, ನನ್ನ್ ಕೈ ಬಿಡ್ಬ್ಯಾಡ ಅಂದಿದ್ದೆ. ಬಿಡ್ಲಿಲ್ಲೆ ಹೆಣೆ. ಈಗ ನೀ ಬಂದ್ ಬರೀ ಕಲ್ಲ್ ಅಂದ್ರೆ ನಾ ಎಲ್ಲಿಗ್ ಹೋಪುದ್?"

ಅವರ ಕಣ್ಣು ಒದ್ದೆಯಾಗಿತ್ತು. ಹಾಗಾದರೆ ನಾವು ಎಲ್ಲಿಗೆ ಹೋಗಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆ ದಿನದಿಂದ ಕೇಳಿಕೊಳ್ಳುತ್ತಲೇ ಇದ್ದೇನೆ, ಒಲೆಯ ಮುಂದೆ, ಬಸ್ಸಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ.

ತೆಕ್ಕಟ್ಟೆಯಲ್ಲಿ ಹೆದ್ದಾರಿಯ ಪಕ್ಕ, ಟಯರ್ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಲಾರಿ ಹೋದರೆ ಮೇಜಿನ ಮೇಲಿನ ಕತ್ತರಿ ತಾನೇ ನಡೆಯುವಂಥ ಕೋಣೆ. ಅಲ್ಲಿಗೆ ಬರಲು ಐದು ಜನರಿಗೆ ಮಾತ್ರ ಆಯಿತು. ವಂಡ್ಸೆಯವಳಿಗೆ ಅಲ್ಲಿಗೆ ಮೂರು ಬಸ್ಸು. ನಾಲ್ಕು ಗಂಟೆಗೆ ಮನೆ ಮುಟ್ಟುವ ಮಾತೇ ಇಲ್ಲ. "ಇಷ್ಟ್ ಕಲ್ತದ್ ಸಾಕ್ ಅಕ್ಕ" ಎಂದು ತಲೆ ತಗ್ಗಿಸಿದಳು. ಅವಳು ತೋಳು ಕೂರಿಸುವುದನ್ನು ಇನ್ನೂ ಕಲಿಯುತ್ತಿದ್ದಳು.

ಖಾಲಿ ಮಾಡುವ ದಿನ ಬೆಳಿಗ್ಗೆಯೇ ಗೂಡ್ಸ್ ಆಟೋ ಬಂತು. ಹೆಂಗಸರೆಲ್ಲ ಸೇರಿ ಮೆಷಿನು ಹೊತ್ತು ಹಾಕಿದರು. ಮೊದಲನೆಯ ಆಟೋ ಹೋಯಿತು, ಅವರೂ ಬಸ್ ಸ್ಟಾಪಿನ ಕಡೆ ಹೋದರು. ಎರಡನೆಯ ಸಲ ಆಟೋ ಬರುವ ತನಕ ನಾನು ಒಬ್ಬಳೇ. ಖಾಲಿಯಾದ ಮೇಲೆ ಬಂಡಸಾಲೆ ದೊಡ್ಡದಾಗಿ ಕಂಡಿತು. ನೆಲದ ತುಂಬ ಮೆಷಿನಿನ ಕಾಲಿನ ಗುರುತು, ನೂಲಿನ ತುಂಡು. ಅತ್ತಿಂದಿತ್ತ ನಡೆದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಕಿಟಕಿ ಹಾಕಿದೆ, ತೆಗೆದೆ. ಕಲ್ಲಿನ ಮೇಲೆ ಹಿಂದಿನ ದಿನದ ಅಬ್ಬಲಿಗೆ ಇತ್ತು. ವಂಡ್ಸೆಯವಳು ಇಟ್ಟದ್ದು. ಈ ದಿನ ಅವಳು ಜಗಲಿಯಲ್ಲೇ ನಿಂತು ಮೆಷಿನಿಗೆ ಕೈ ಕೊಟ್ಟಿದ್ದಳು.

ಯಾಕೆ ಹಾಗೆ ಮಾಡಿದೆನೋ, ಆ ಹೂ ಎತ್ತಿ ಜಡೆಗೆ ಸಿಕ್ಕಿಸಿಕೊಂಡು, ಹೆಂಚಿನ ಚೂರಿನ ಕಟ್ಟೆ ದಾಟಿ, ಕಲ್ಲಿನ ಮೇಲೆ ಕೂತೆ.

ತಂಪಾಗಿತ್ತು. ತಗ್ಗು ನನ್ನ ಅಳತೆಗೆ ಸರಿಯಾಗಿತ್ತು. ಕಿಟಕಿಯಿಂದ ಗಾಳಿ ಬಂತು. ಹೊಳೆಯಲ್ಲಿ ದೋಣಿ ಇರಲಿಲ್ಲ, ಆಚೆ ದಡದಲ್ಲಿ ಒಂದು ದನ ನೀರು ಕುಡಿಯುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆನೋವು ಬರುತ್ತದೋ ಎಂದು ಕಾದೆ. ನಾನೇ ಕಟ್ಟಿದ ಸುಳ್ಳಿಗೆ ನಾನೇ ಕೈಯಿಂದ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಬರಲಿಲ್ಲ. ಕಾಲು ಅಲುಗಾಡದೆ ಸುಮ್ಮನೆ ಇತ್ತು.

ಬಾಗಿಲಲ್ಲಿ ನೆರಳು ಬಿತ್ತು. ವಂಡ್ಸೆಯವಳು. ಕತ್ತರಿ ಬಿಟ್ಟು ಹೋಗಿದ್ದಳು, ಅದಕ್ಕೆ ವಾಪಸು ಬಂದಿದ್ದಳು. ನನ್ನನ್ನು ನೋಡಿದಳು, ಹೂವಿಲ್ಲದ ಕಲ್ಲನ್ನು ನೋಡಿದಳು, ನನ್ನ ಜಡೆಯ ಹೂ ನೋಡಿದಳು. ಅವಳ ಚಪ್ಪಲಿ ಕಾಲಿನಲ್ಲೇ ಇತ್ತು. ನನಗೆ ಏಳಬೇಕೆಂದು ಅನಿಸಿತು, ಏಳಲಿಲ್ಲ. ಅವಳು ಆಚೆ ಗೋಡೆಯ ಕಿಟಕಿಯ ಒಳಗಿದ್ದ ಕತ್ತರಿಯನ್ನು ತೆಗೆದು ಬ್ಯಾಗಿಗೆ ಹಾಕಿ, ಬಾಗಿಲ ತನಕ ಹೋಗಿ, ಗೋಡೆಯ ಮೇಲೆ ಗಡಿಯಾರ ಇದ್ದ ಜಾಗವನ್ನು ನೋಡಿದಳು. ಗಡಿಯಾರ ಆಟೋದಲ್ಲಿ ಹೋಗಿತ್ತು.

ಮತ್ತೆ ತಿರುಗಿ ಬಂದಳು. ಹೆಂಚಿನ ಕಟ್ಟೆಯ ಹೊರಗೆ ಒಂದು ಗಳಿಗೆ ನಿಂತಳು.

"ನಾ ಇವತ್ತ್ ಹೊರ್ಗೆ ಅಕ್ಕ" ಎಂದಳು. ಆಮೇಲೆ ಸೀರೆ ಎತ್ತಿ ಕಟ್ಟೆ ದಾಟಿದಳು. "ಒಂಚೂರ್ ಆಚಿಗ್ ಸರಿನಿ."

ನಾನು ಸರಿದೆ.